ಸತ್ಯಾಂಶ: ಸೋಲಾರ್ ಕರೆಂಟೆಲ್ಲ ಮೊದಲು ಬ್ಯಾಟರಿಗೇ ಹೋಗುತ್ತದೆಯೇ?

‘ಕ್ಯಾಂಪರ್ ವ್ಯಾನಿನಲ್ಲಿ (ಒಳಗೇ ಉಳಿದು ಪ್ರವಾಸ ಮಾಡುವ ವಾಹನ) ಹಗಲು ಫ್ರಿಜ್ ಓಡಿಸಬೇಡಿ, ಪ್ಯಾನೆಲ್‌ನ ಕರೆಂಟ್ ಬ್ಯಾಟರಿಯೊಳಗೆ ಹೊಕ್ಕೇ ಹೊರಬರಬೇಕು, ಬ್ಯಾಟರಿ ಬೇಗ ಸವೆಯುತ್ತದೆ’ ಎಂಬ ಸಂದೇಶ ಓಡಾಡುತ್ತಿದೆ. ಹಾಗೇನಿಲ್ಲ.

ಸಾಮಾನ್ಯವಾಗಿ ಚಾರ್ಜ್ ಕಂಟ್ರೋಲರ್ (ಪ್ಯಾನೆಲ್‌ನ ಕರೆಂಟನ್ನು ಹದಮಾಡಿ ಕೊಡುವ ಪೆಟ್ಟಿಗೆ), ಬ್ಯಾಟರಿ, ಫ್ರಿಜ್ ಮೂರೂ ಒಂದೇ ಜೋಡಿ ತಂತಿಗೆ ಸೇರಿರುತ್ತವೆ. ಕಂಟ್ರೋಲರ್ 15 ಆಂಪಿಯರ್ ಕೊಡುತ್ತಿದೆ, ಫ್ರಿಜ್ 5 ಎಳೆಯುತ್ತಿದೆ ಎನ್ನಿ. ಆ 5 ನೇರ ಫ್ರಿಜ್‌ಗೆ. ಮಿಕ್ಕ 10 ಮಾತ್ರ ಬ್ಯಾಟರಿಗೆ. (ಬ್ಯಾಟರಿ ಮೀಟರ್ 10 ತೋರಿಸಿದಾಗ ‘ಪ್ಯಾನೆಲ್ ಕೆಟ್ಟಿದೆ’ ಎಂದು ಗಾಬರಿಯಾಗುವವರೂ ಇದ್ದಾರೆ!) ಮೋಡ ಕವಿದು 15 ಇದ್ದದ್ದು 2ಕ್ಕೆ ಇಳಿದರೆ, ಕೊರತೆಯ 3 ಆಂಪಿಯರನ್ನು ಬ್ಯಾಟರಿ ಕೊಡುತ್ತದೆ. ಯಾರೂ ಸ್ವಿಚ್ ಒತ್ತಬೇಕಿಲ್ಲ. ತಂತಿಯ ವೋಲ್ಟೇಜ್ ತುಸು ಇಳಿದರೆ ಸಾಕು, ಬ್ಯಾಟರಿಯಿಂದ ಕರೆಂಟ್ ತಾನಾಗಿಯೇ ಹರಿಯುತ್ತದೆ.

ಬ್ಯಾಟರಿ ತುಂಬಿದ ಮೇಲಂತೂ ಕಂಟ್ರೋಲರ್ ಪ್ಯಾನೆಲ್‌ನಿಂದ ಎಳೆಯುವುದನ್ನೇ ತಗ್ಗಿಸುತ್ತದೆ. ಆ ಹೊತ್ತಿನಲ್ಲಿ ಫ್ರಿಜ್ ಆಫ್ ಮಾಡಿ ಕೂತರೆ ಬಿಸಿಲು ದಂಡ.