ಎದೆನೋವು: ಒಂದು ಗಂಟೆಯ ಟ್ರೋಪೋನಿನ್ ನೋಡಿ ಮನೆಗೆ ಕಳಿಸಬಹುದೇ?

ಪರ

ಎದೆನೋವೆಂದು ತುರ್ತು ವಿಭಾಗಕ್ಕೆ ಬರುವವರಲ್ಲಿ ಬಹುಪಾಲು ಮಂದಿಗೆ ಹೃದಯಾಘಾತ ಆಗಿರುವುದಿಲ್ಲ. ಅವರನ್ನೆಲ್ಲ ಆರು ತಾಸು ಮಲಗಿಸಿಟ್ಟರೆ ಹಾಸಿಗೆ ನಿಜವಾಗಿ ಬೇಕಾದವರು ಹೊರಗೆ ಕಾಯಬೇಕಾಗುತ್ತದೆ. ಟ್ರೋಪೋನಿನ್ ಎಂದರೆ ಹೃದಯದ ಸ್ನಾಯುವಿಗೆ ಹಾನಿಯಾದಾಗ ರಕ್ತದಲ್ಲಿ ಏರುವ ಪ್ರೋಟೀನು; ಅದನ್ನು ತೀರ ಸಣ್ಣ ಪ್ರಮಾಣದಲ್ಲೂ ಹಿಡಿಯುವ ಹೈ-ಸೆನ್ಸಿಟಿವಿಟಿ ಪರೀಕ್ಷೆ ಬಂದ ಮೇಲೆ ಅಷ್ಟು ಕಾಯಿಸುವ ಅಗತ್ಯವಿಲ್ಲ. ಯುರೋಪಿನ ಹೃದ್ರೋಗ ತಜ್ಞರ ಸಂಘದ 2020ರ ಮಾರ್ಗಸೂಚಿಯೂ ಬಂದ ಕೂಡಲೇ ಒಮ್ಮೆ, ಗಂಟೆಯ ಬಳಿಕ ಇನ್ನೊಮ್ಮೆ ಅಳೆಯುವ 0/1 ಗಂಟೆಯ ವಿಧಾನವನ್ನೇ ಮುಂದಿಟ್ಟಿತು.

ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಅದರಲ್ಲಿ ಎಸ್‌ಟಿ ಎಂಬ ಭಾಗ ಏರಿದ್ದರೆ (ನಾಳ ಪೂರ್ತಿ ಕಟ್ಟಿರಬಹುದೆಂಬ ಸೂಚನೆ) ರಕ್ತದ ವರದಿಗೆ ಕಾಯುವ ಮಾತೇ ಇಲ್ಲ, ನೇರ ಕ್ಯಾಥ್‌ಲ್ಯಾಬ್, ಅಂದರೆ ಕಟ್ಟಿದ ನಾಳವನ್ನು ತೆರೆಯುವ ಕೊಠಡಿ. ಉಳಿದವರಿಗೆ ಆಗಲೇ ಒಂದು ಸ್ಯಾಂಪಲ್, ಗಂಟೆ ಕಳೆದು ಇನ್ನೊಂದು. ಟ್ರೋಪೋನಿನ್‌ನಲ್ಲಿ ಟಿ, ಐ ಎಂಬ ಎರಡು ಬಗೆಯನ್ನು ಅಳೆಯುತ್ತಾರೆ. ರೋಶ್ ಕಂಪನಿಯ ಟ್ರೋಪೋನಿನ್-ಟಿ ಪರೀಕ್ಷೆಯ ಲೆಕ್ಕ ಹೀಗಿದೆ: ನೋವು ಶುರುವಾಗಿ 3 ಗಂಟೆ ದಾಟಿದ್ದು, ಅಳತೆ ಲೀಟರಿಗೆ 5 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ಮೊದಲ ಸ್ಯಾಂಪಲ್ಲೇ ಸಾಕು. 12ಕ್ಕಿಂತ ಕಡಿಮೆಯಿದ್ದು ಗಂಟೆಯಲ್ಲಿ 3ರಷ್ಟೂ ಬದಲಾಗದಿದ್ದರೆ ಹೃದಯಾಘಾತವನ್ನು ಬದಿಗಿಡಬಹುದು. ಮೊದಲೇ 52 ಮುಟ್ಟಿದ್ದರೆ ಇಲ್ಲವೇ ಗಂಟೆಯಲ್ಲಿ 5 ಬದಲಾದರೆ ದಾಖಲು. ನಡುವೆ ಸಿಕ್ಕವರನ್ನು ಯಾರೂ ಮನೆಗೆ ಕಳಿಸುವುದಿಲ್ಲ. ಅವರಿಗೆ 3ನೇ ಗಂಟೆಗೆ ಮತ್ತೊಂದು ಸ್ಯಾಂಪಲ್, ಜೊತೆಗೆ ಎಕೋ (ಹೃದಯದ ಅಲ್ಟ್ರಾಸೌಂಡ್).

ವಿರೋಧ

ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ 3 ನ್ಯಾನೋಗ್ರಾಂ ವ್ಯತ್ಯಾಸ ಎಂಬುದು ಯಂತ್ರದ ಸಹಜ ಏರುಪೇರಿಗೆ ತೀರ ಹತ್ತಿರ. ಸಣ್ಣ ಸೂಜಿಯಲ್ಲಿ ಬಲವಾಗಿ ಎಳೆದು ಕೆಂಪುಕಣ ಒಡೆದರೆ ಟ್ರೋಪೋನಿನ್-ಟಿ ಇರುವುದಕ್ಕಿಂತ ಕಡಿಮೆ ತೋರುತ್ತದೆ. ಗೋಡೆಗೆ ಅಂಟಿಸಿದ ಪಟ್ಟಿ ‘ಟಿ’ಯದು, ಲ್ಯಾಬಿನ ಯಂತ್ರ ‘ಐ’ಯದು ಎಂದಾದರೆ ಮುಗಿಯಿತು: ಅಬಾಟ್ ಕಂಪನಿಯ ಟ್ರೋಪೋನಿನ್-ಐಗೆ ದಾಖಲಿನ ಗಡಿ 52 ಅಲ್ಲ, 64.

ದೊಡ್ಡ ತೊಡಕು ಬೇರೆಯೇ ಇದೆ. ಟ್ರೋಪೋನಿನ್ ಹೇಳುವುದು ಸ್ನಾಯು ಸತ್ತಿದೆಯೇ ಎಂಬುದನ್ನು, ರಕ್ತನಾಳ ಎಷ್ಟು ಕಟ್ಟಿದೆ ಎಂಬುದನ್ನಲ್ಲ. ನಾಳ ಕಿರಿದಾಗಿ ನೋವು ಬಂದರೂ ಸ್ನಾಯು ಇನ್ನೂ ಸಾಯದ ಅನ್‌ಸ್ಟೇಬಲ್ ಆಂಜೈನಾದಲ್ಲಿ ಅದು ಏರುವುದೇ ಇಲ್ಲ. ವೆಲೆನ್ಸ್ ಲಕ್ಷಣ ಎಂಬ ಇಸಿಜಿ ಚಿತ್ರ ಇನ್ನೂ ಮೋಸದ್ದು. ನೋವು ನಿಂತಿರುತ್ತದೆ, ಟ್ರೋಪೋನಿನ್ ಬಹುತೇಕ ಸಾಮಾನ್ಯ; ಎದೆಯ ಮೇಲಿನ ವಿ2-ವಿ3 ಲೀಡ್‌ಗಳಲ್ಲಿ ಇಸಿಜಿಯ ಟಿ ಅಲೆ ಮೇಲೆದ್ದು ಕೆಳಗಿಳಿದಿರುವುದಷ್ಟೇ ಸುಳಿವು. ಎಡ ಮುಂಭಾಗದ ನಾಳ ಮುಚ್ಚುವ ಹಂತದಲ್ಲಿರುವ ಇಂಥವರನ್ನು ಟ್ರೆಡ್‌ಮಿಲ್ ಮೇಲೆ ಓಡಿಸುವುದು ಅಪಾಯಕ್ಕೆ ಆಹ್ವಾನ. ಹೃದಯದ ಹಿಂಬದಿಯ ಆಘಾತವಂತೂ ಬೆನ್ನಿಗೆ ವಿ7ರಿಂದ ವಿ9 ಲೀಡ್ ಹಚ್ಚದೆ ಹಲವು ಬಾರಿ ಕಾಣುವುದೇ ಇಲ್ಲ.

ಮೂತ್ರಪಿಂಡ ಕೆಟ್ಟವರಲ್ಲಿ ಟ್ರೋಪೋನಿನ್-ಟಿ ಅಳತೆ ಸದಾ ಸಾಮಾನ್ಯದ ಮೇಲ್ಮಿತಿಯಾದ 14ರ ಮೇಲೇ ಇರುವುದುಂಟು. ಅವರ ಮಟ್ಟಿಗೆ ಈ ವಿಧಾನದಿಂದ ಸಮಯ ಉಳಿಯುವುದು ಅಪರೂಪ. ನೋವು ಶುರುವಾಗಿ ಗಂಟೆಯೊಳಗೆ ಬಂದವರಿಗಾದರೂ 3ನೇ ಗಂಟೆಯ ಸ್ಯಾಂಪಲ್ ಬಿಡಬಾರದು. ನೋವು ಮರುಕಳಿಸಿದರೆ, ವರದಿ ಏನೇ ಹೇಳಲಿ, ಇಸಿಜಿಯನ್ನು ಮತ್ತೆ ತೆಗೆಯಬೇಕು.