ಬೆರಳೆಣಿಸುವ ಮಗುವಿಗೆಲ್ಲ ಡಿಸ್ಕ್ಯಾಲ್ಕುಲಿಯಾ ಇರುತ್ತದೆಯೇ?

‘ಆರು ವರ್ಷ ದಾಟಿದ ಮಗು ಬೆರಳು ಮಡಚಿ ಎಣಿಸಿದರೆ ಅದಕ್ಕೆ ಡಿಸ್ಕ್ಯಾಲ್ಕುಲಿಯಾ ಇದೆ. ಹತ್ತು ಪ್ರಶ್ನೆ ಕೇಳಿ, ಮನೆಯಲ್ಲೇ ಪತ್ತೆಹಚ್ಚಿ. ಇಂಥ ಮಕ್ಕಳು ಮಂದಬುದ್ಧಿಯವರು’ ಎಂಬ ವಾಟ್ಸ್‌ಆ್ಯಪ್ ಸಂದೇಶ ನಿಮಗೂ ಬಂದಿರಬಹುದು. ಮೂರು ಮಾತೂ ತಪ್ಪು. ಡಿಸ್ಕ್ಯಾಲ್ಕುಲಿಯಾ ಎಂದರೆ ಸಂಖ್ಯೆ, ಲೆಕ್ಕಗಳನ್ನು ಕಲಿಯುವುದರಲ್ಲಿನ ನಿರ್ದಿಷ್ಟ ತೊಂದರೆ.

ಬೆರಳೆಣಿಕೆ ಕಲಿಕೆಯ ಸಹಜ ಮೆಟ್ಟಿಲು. ಗಮನಿಸಬೇಕಾದದ್ದು ಬೆರಳನ್ನಲ್ಲ, ಎಣಿಸುವ ರೀತಿಯನ್ನು. 8ಕ್ಕೆ 3 ಕೂಡಿಸುವಾಗ ಹೆಚ್ಚಿನ ಮಕ್ಕಳು ಕ್ರಮೇಣ ಎಂಟನ್ನು ಮನಸ್ಸಿನಲ್ಲಿಟ್ಟುಕೊಂಡು ‘ಒಂಬತ್ತು, ಹತ್ತು, ಹನ್ನೊಂದು’ ಎನ್ನುತ್ತಾರೆ. ವರ್ಷಗಳು ಕಳೆದರೂ ಪ್ರತಿ ಸಲ ಒಂದರಿಂದಲೇ ಶುರುಮಾಡುವ, ಮೇಜಿನ ಮೇಲಿನ ಮೂರೇ ಮೂರು ಗುಂಡಿಗಳನ್ನೂ ಒಂದೊಂದಾಗಿ ಮುಟ್ಟಿ ಎಣಿಸುವ, 7 ಮತ್ತು 9ರಲ್ಲಿ ಯಾವುದು ದೊಡ್ಡದೆಂದು ಹೇಳಲು ತಡವರಿಸುವ ಮಗುವಾದರೆ ತಜ್ಞರನ್ನು ವಿಚಾರಿಸುವುದು ಒಳ್ಳೆಯದು.

ಸ್ಕ್ರೀನಿಂಗ್‌ನಲ್ಲಿ (ಮೊದಲ ಹಂತದ ತಪಾಸಣೆಯಲ್ಲಿ) ನೋಡುವುದೂ ಇಂಥದ್ದನ್ನೇ: ಚುಕ್ಕಿಗಳ ಎಣಿಕೆ, ಸಂಖ್ಯೆಗಳ ಹೋಲಿಕೆ, ಉತ್ತರಕ್ಕೆ ಹಿಡಿದ ಸಮಯ. ಆದರೆ ಅದು ಜರಡಿಯಷ್ಟೇ, ತೀರ್ಪಲ್ಲ. ದೃಷ್ಟಿದೋಷ, ತಪ್ಪಿಹೋದ ತರಗತಿಗಳು, ಗಣಿತದ ಭಯ ಇವೂ ಅದೇ ಜರಡಿಯಲ್ಲಿ ಸಿಕ್ಕಿಬೀಳುತ್ತವೆ. ಅಮೆರಿಕದ ಮನೋವೈದ್ಯರ ಸಂಘ ರೋಗನಿರ್ಣಯಕ್ಕಾಗಿ ಹೊರತಂದ 2013ರ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ, ಡಿಸ್ಕ್ಯಾಲ್ಕುಲಿಯಾ ಎನ್ನಬೇಕಾದರೆ ಸೂಕ್ತ ನೆರವು ಕೊಟ್ಟ ಮೇಲೂ ತೊಂದರೆ ಕನಿಷ್ಠ 6 ತಿಂಗಳು ಮುಂದುವರಿದಿರಬೇಕು. ಹತ್ತು ಪ್ರಶ್ನೆಗಳು ಇದನ್ನು ಹೇಗೆ ಅಳೆದಾವು?

ಇನ್ನು ‘ಮಂದಬುದ್ಧಿ’ಯ ಮಾತು. ನನಗೆ ಹೆಚ್ಚು ಬೇಸರ ತರಿಸಿದ್ದು ಅದೇ. ಸೊಗಸಾಗಿ ಓದುವ, ಚುರುಕಾಗಿ ವಾದಿಸುವ ಮಗುವಿಗೂ ಡಿಸ್ಕ್ಯಾಲ್ಕುಲಿಯಾ ಇರಬಹುದು.

ಅಂದ ಹಾಗೆ, ತೊಂದರೆಗೆ ಹೆಸರು ಸಿಗುವವರೆಗೆ ನೆರವನ್ನು ತಡೆಹಿಡಿಯಬೇಕಿಲ್ಲ. ಎಣಿಸಲು ಗುಂಡಿಗಳು, ಒಂದು ಸಂಖ್ಯಾರೇಖೆ, ಉತ್ತರಿಸಲು ಸಾಕಷ್ಟು ಸಮಯ: ಇವನ್ನು ಇಂದೇ ಕೊಡಬಹುದು.