ಹಸಿರು ಬರೋ ತನಕ

ನಿನ್ನೆ ಸಂಜೆಯಿಂದ ಸಿಟ್ಟು ಇಳಿದಿಲ್ಲ. ರಾತ್ರಿ ಗಂಗಾವತಿಯಿಂದ ಕುಷ್ಟಗಿಗೆ ಬರುವಾಗ ಬಸ್ಸಿನಲ್ಲೂ ಅದೇ ಯೋಚನೆ. ಬೆಳಿಗ್ಗೆ ರೊಟ್ಟಿ ಬಡಿಯುವಾಗಲೂ ಅದೇ. ಬರೆದು ಹಾಕಿದರೆ ಸ್ವಲ್ಪ ಹಗುರಾಗಬಹುದು ಅಂತ ಕೂತಿದ್ದೇನೆ. ಉದ್ದ ಆಗುತ್ತದೆ. ಪುರುಸೊತ್ತಾದಾಗ ಓದಿ.

ತಂಗಿಯ ಮನೆಗೆ ಹೋಗಿದ್ದೆ. ಅವಳ ಮಗಳು ನಾಲ್ಕನೇ ಕ್ಲಾಸು. ಇನ್ನೂ ಚಪ್ಪಲಿ ಬಿಟ್ಟಿಲ್ಲ, ತಂಗಿ ಕರೆದಳು. "ಅಕ್ಕಾ, ಬಾ ಇಲ್ಲಿ. ನಿನ್ನ ಮಗಳು ಗಣಿತ ಎಷ್ಟು ಫಾಸ್ಟ್ ಮಾಡ್ತಾಳ ನೋಡು." ವರ್ಷದ ದುಡ್ಡು ಕಟ್ಟಿ ಸೇರಿಸಿರುವ ಒಂದು ವೆಬ್‌ಸೈಟು. ಹೆಸರು ಬೇಡ. ಇಂಥವು ಬೇಕಾದಷ್ಟಿವೆ. ಮಕ್ಕಳು ಆಡುತ್ತಾ ಕಲಿಯುತ್ತಾರೆ, ಎಲ್ಲವೂ ಇಂಟರಾಕ್ಟಿವ್ ಅಂತ ಮೊದಲ ಪುಟದಲ್ಲೇ ದೊಡ್ಡದಾಗಿ ಬರೆದಿದ್ದಾರೆ.

ಪರದೆ ಮೇಲೆ ಪ್ರಶ್ನೆ ಬಂತು. "ಈ ಕೆಳಗಿನವುಗಳಲ್ಲಿ ಅತಿ ದೊಡ್ಡ ಭಿನ್ನರಾಶಿಯನ್ನು ಗುರುತಿಸಿ." ಕೆಳಗೆ ನಾಲ್ಕು ಡಬ್ಬಿ. 1/8, 1/6, 1/4, 1/3. ಹುಡುಗಿ 1/8 ಒತ್ತಿದಳು. ಕೆಂಪು. 1/6 ಒತ್ತಿದಳು. ಕೆಂಪು. 1/4, ಮತ್ತೆ ಕೆಂಪು. 1/3 ಒತ್ತಿದ ಕೂಡಲೇ ಹಸಿರು ಬಂತು. ಚಪ್ಪಾಳೆ ಸದ್ದು, ಬಣ್ಣದ ಪಟಾಕಿ, ಒಂದು ಸ್ಟಾರ್. ಇಷ್ಟಕ್ಕೆ ಹತ್ತು ಸೆಕೆಂಡೂ ಹಿಡಿಯಲಿಲ್ಲ. ಆಗಲೇ ಮುಂದಿನ ಪ್ರಶ್ನೆ ಬಂದಿತ್ತು.

ನಾನು ಕೇಳಿದೆ, "1/3 ಯಾಕ ದೊಡ್ಡದು ಪುಟ್ಟಿ?"

"ಹಸಿರು ಬಂತಲ್ಲ ದೊಡ್ಡವ್ವ."

"ಹಸಿರು ಯಾಕ ಬಂತು?"

"ಅದು ಸರಿ ಐತಿ, ಅದಕ್ಕ."

ಅವಳ ಮುಖದಲ್ಲಿ ಮೋಸ ಇರಲಿಲ್ಲ. ಆಟದ ನಿಯಮ ಅವಳಿಗೆ ಸರಿಯಾಗಿಯೇ ಅರ್ಥವಾಗಿತ್ತು. ಹಸಿರು ಬರೋ ತನಕ ಒತ್ತಬೇಕು, ಅಷ್ಟೇ. ನಾಲ್ಕು ಡಬ್ಬಿ ಇದ್ದರೆ ನಾಲ್ಕನೇ ಸಲಕ್ಕಾದರೂ ಹಸಿರು ಬಂದೇ ಬರುತ್ತದೆ. ಕಣ್ಣು ಮುಚ್ಚಿಕೊಂಡು ಒಂದೊಂದೇ ಸಲ ಒತ್ತಿದರೂ 20 ಪ್ರಶ್ನೆಯಲ್ಲಿ ಸರಾಸರಿ 5 ಸರಿ ಆಗುತ್ತವೆ. ಪುಟ್ಟಿ ಜಾಣೆ, ಇದನ್ನು ಒಂದೇ ದಿನದಲ್ಲಿ ಕಂಡುಕೊಂಡಿದ್ದಾಳೆ. ತಂಗಿಯ ಫೋನಿಗೆ ಪ್ರತಿ ವಾರ ಒಂದು ಮೆಸೇಜು ಬರುತ್ತದೆ. ನಿಮ್ಮ ಮಗು ಇಷ್ಟು ಪ್ರಶ್ನೆ ಬಿಡಿಸಿದೆ, ಇಷ್ಟು ಸ್ಟಾರ್ ಗಳಿಸಿದೆ ಅಂತ. ಅದನ್ನು ನೋಡಿ ತಾಯಿಗೆ ಸಮಾಧಾನ.

ನನ್ನ ಹೊಟ್ಟೆ ಉರಿದದ್ದು ಆ ಮೊದಲನೇ ಕೆಂಪಿಗೆ. ಪ್ರೈಮರಿ ಮಕ್ಕಳಿಗೆ ಕಲಿಸುವ ಯಾರನ್ನು ಬೇಕಾದರೂ ಕೇಳಿ. 8 ದೊಡ್ಡದು, 3 ಚಿಕ್ಕದು, ಹಾಗಾಗಿ 1/8 ದೊಡ್ಡದು. ಭಿನ್ನರಾಶಿಯಲ್ಲಿ ಪ್ರತಿ ಮಗುವೂ ಮಾಡುವ ತಪ್ಪು ಇದು. ಮಾಡಲೇಬೇಕಾದ ತಪ್ಪು. ಅಲ್ಲಿ ತನಕ ಕಲಿತ ಎಲ್ಲ ಅಂಕಿಗಳಲ್ಲೂ 8 ಅಂದರೆ 3ಕ್ಕಿಂತ ಜಾಸ್ತಿಯೇ ಇತ್ತಲ್ಲ! ಮಗು ಯೋಚನೆ ಮಾಡಿಯೇ ತಪ್ಪಿರುತ್ತದೆ. ಈ ತಪ್ಪು ಬೋರ್ಡಿನ ಮೇಲೆ ಬಂದಾಗ ನಾನು ಖಡು ಕೆಳಗಿಟ್ಟು ಕೂತುಬಿಡುತ್ತೇನೆ. ಅವತ್ತಿನ ಪಾಠ ಶುರುವಾಗೋದೇ ಅಲ್ಲಿಂದ. ಈ ವೆಬ್‌ಸೈಟು ಅದಕ್ಕೆ ಒಂದು ಕೆಂಪು ಬಣ್ಣ ಬಳಿದು ಮುಂದೆ ಹೋಯಿತು. ಯಾಕೆ ಹಾಗೆ ಅಂದುಕೊಂಡೆ ಅಂತ ಕೇಳಲಿಲ್ಲ. ಎಂಟು ತುಂಡು ಮಾಡಿ ತೋರಿಸಲಿಲ್ಲ.

ನಾನು ಫೋನು ಇಸಿದುಕೊಂಡೆ. ಪುಟ್ಟಿಗೆ ಸಿಟ್ಟು ಬಂತು, ಬರಲಿ.

"ಸಂತ್ಯಾಗ ಪಾವ್ ಕೆಜಿ ಮೆಣಸಿನಕಾಯಿ ಜಾಸ್ತಿನೋ, ಅರ್ಧ ಕೆಜಿ ಜಾಸ್ತಿನೋ?"

"ಅರ್ಧ ಕೆಜಿ." ಇದನ್ನೂ ಕೇಳಬೇಕಾ ಅನ್ನುವ ಹಾಗೆ ನೋಡಿದಳು.

"ಪಾವ್ ಅಂದ್ರ ಎಷ್ಟು?"

"ಕಾಲು."

"ಕಾಲು ಬರಿ. ಬಾಜೂಕ ಅರ್ಧ ಬರಿ."

1/4 ಅಂತ ಬರೆದಳು. ಪಕ್ಕದಲ್ಲಿ 1/2 ಬರೆದಳು. "ಈಗ ಹೇಳು, ಯಾವುದು ದೊಡ್ಡದು?" ಸುಮ್ಮನಾದಳು. ಹಾಳೆ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಹಾಳೆ ನೋಡಿದಳು. ಪೂರಾ ಒಂದು ನಿಮಿಷ. ಸಂತೆಯಲ್ಲಿ ಗೊತ್ತಿದ್ದದ್ದು ಹಾಳೆಯ ಮೇಲೆ ಯಾಕೆ ತಲೆಕೆಳಗಾಗಿದೆ ಅಂತ ಅವಳಿಗೆ ಗಲಿಬಿಲಿ. ಆ ಒಂದು ನಿಮಿಷವನ್ನು ಯಾವ ವೆಬ್‌ಸೈಟು ಕೊಡುತ್ತದೋ ಅದಕ್ಕೆ ನಾನು ಕೈ ಮುಗಿಯುತ್ತೇನೆ. ಇದು ಕೊಡಲಿಲ್ಲ.

ನಿಮಗೆಲ್ಲ ಗೊತ್ತು, ನಾನು ಕಂಪ್ಯೂಟರು ಬೇಡ ಅನ್ನುವವಳಲ್ಲ. ಸಣ್ಣ ಮಕ್ಕಳು ಚಟುವಟಿಕೆ ಮಾಡುತ್ತಾ ಕಲಿಯುವ ಸರ್ಕಾರಿ ಶಾಲೆಯ ನಲಿ-ಕಲಿ ಕ್ಲಾಸಿನಲ್ಲಿ ಟೀಚರಾಗಿ ಹದಿನೇಳು ವರ್ಷ ಕಳೆದವಳು. 1995ರಲ್ಲಿ ಎಚ್.ಡಿ. ಕೋಟೆಯ ಕೆಲವು ಶಾಲೆಗಳಲ್ಲಿ ಅದು ಶುರುವಾದಾಗ ಅಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದಿದ್ದರು. ನಲಿ-ಕಲಿಯಲ್ಲಿ ಕರೆಂಟಿನ ಮಾತೇ ಇರಲಿಲ್ಲ. ರಟ್ಟಿನ ಕಾರ್ಡು, ಮುಂದೆ ಏನು ಕಲಿಯಬೇಕು ಅಂತ ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿ, ಯಾವ ಗುಂಪು ಎಲ್ಲಿ ಕೂರಬೇಕು ಅಂತ ತೋರಿಸಲು ನೆಲದ ಮೇಲೆ ತಟ್ಟೆ. ಮಗು ತಾನೇ ಏಣಿ ನೋಡಿ, ತಾನೇ ಕಾರ್ಡು ಹುಡುಕಿ, ತನ್ನ ತಟ್ಟೆಗೆ ಹೋಗಿ ಕೂರುತ್ತದೆ. ಗೆಳತಿಯನ್ನು ಕೇಳುತ್ತದೆ. ಬೀಜ ಎಣಿಸುತ್ತದೆ, ತಪ್ಪಿದರೆ ಮತ್ತೆ ಎಣಿಸುತ್ತದೆ. ಇಂಟರಾಕ್ಟಿವ್ ಅಂದರೆ ನನಗೆ ಇದು. ಮಗು ಏನಾದರೂ ಮಾಡಬೇಕು, ಮಾಡಿದ್ದಕ್ಕೆ ಏನಾಯಿತು ಅಂತ ಕಣ್ಣಾರೆ ನೋಡಬೇಕು. ಬೆರಳಿನಲ್ಲಿ ಡಬ್ಬಿ ಒತ್ತಿದ್ದನ್ನು ನಾನು ಇದರಲ್ಲಿ ಸೇರಿಸುವುದಿಲ್ಲ.

ಕಂಪ್ಯೂಟರಿನಲ್ಲೂ ಇದು ಆಗುತ್ತದೆ. ಅದಕ್ಕೇ ನನಗೆ ಇಷ್ಟು ಸಿಟ್ಟು. 1967ರಲ್ಲೇ ಅಮೆರಿಕದಲ್ಲಿ ಮಕ್ಕಳಿಗಾಗಿ ಲೋಗೋ ಅಂತ ಒಂದು ಕಂಪ್ಯೂಟರ್ ಭಾಷೆ ಮಾಡಿದರು. ಮುಂದೆ ಅದಕ್ಕೆ, ಹೇಳಿದ ಹಾಗೆ ಗೆರೆ ಎಳೆಯುತ್ತಾ ನಡೆಯುವ ಒಂದು ಆಮೆ ಬಂತು. ಇಷ್ಟು ಹೆಜ್ಜೆ ಮುಂದೆ ಹೋಗು, ಇಷ್ಟು ಬಲಕ್ಕೆ ತಿರುಗು ಅಂತ ಮಗು ಹೇಳಬೇಕು. ಚೌಕ ಬರೆಸಲು ಹೋಗಿ ಲೆಕ್ಕ ತಪ್ಪಿದರೆ ಆಮೆ ಇನ್ನೆಲ್ಲಿಗೋ ಹೋಗಿ ನಿಂತಿರುತ್ತದೆ. ಯಾರೂ ಕೆಂಪು ತೋರಿಸುವುದು ಬೇಡ. ಎಲ್ಲಿ ತಪ್ಪಿತು ಅಂತ ಮಗುವೇ ಹುಡುಕುತ್ತದೆ. ಐವತ್ತು ವರ್ಷದ ಮೇಲಾಯಿತು ಇದನ್ನು ಕಂಡುಕೊಂಡು. ಈಗ ದುಡ್ಡು ಇಸಿದುಕೊಂಡು ನಾಲ್ಕು ಡಬ್ಬಿ ಕೊಡುತ್ತಿದ್ದಾರೆ.

ನಾನು ಶಾಲೆಯಲ್ಲಿ ಜಾಸ್ತಿ ಬಳಸುವುದು ಫೆಟ್ (PhET), ಮಕ್ಕಳೇ ಮಾಡಿ ನೋಡುವ ವಿಜ್ಞಾನ, ಗಣಿತದ ಆಟಗಳಿರುವ ವೆಬ್‌ಸೈಟು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರದು. ಭೌತಶಾಸ್ತ್ರದಲ್ಲಿ 2001ರ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ದುಡ್ಡಿಲ್ಲ. ಮಕ್ಕಳು ಲಾಗಿನ್ ಆಗಬೇಕಾಗಿಲ್ಲ. ಒಟಿಪಿ ಕೇಳುವುದಿಲ್ಲ. ನಮ್ಮ ಊರಿನವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಬೇರೆಯವರಿಗೆ ತಿಳಿಯಲ್ಲ. ನನ್ನ ಕ್ಲಾಸಿನ ಎಷ್ಟೋ ಮಕ್ಕಳ ಅಪ್ಪಂದಿರು ಗುಳೆ ಹೋಗಿ ಬೆಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿದ್ದಾರೆ. ಮನೆಯ ಒಂದೇ ಫೋನು ಅವರ ಜೇಬಿನಲ್ಲಿದೆ. ಒಟಿಪಿ ಅಲ್ಲಿ ಹೋಗಿ ಬೀಳುತ್ತದೆ, ಮಗು ಇಲ್ಲಿ ಅಜ್ಜಿಯ ಹತ್ತಿರ ಇರುತ್ತದೆ. ಫೆಟ್ಟಿನ ಎಷ್ಟೋ ಆಟಗಳನ್ನು ಇಳಿಸಿಟ್ಟುಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತವೆ. ನಾನು ಕುಷ್ಟಗಿಯಲ್ಲಿ ಪೆನ್‌ಡ್ರೈವಿಗೆ ಹಾಕಿಕೊಂಡು ಒಯ್ಯುತ್ತೇನೆ.

ಅದರಲ್ಲಿ ಒಂದು ಹಲಗೆಯ ಆಟ ಇದೆ. ನಡುವೆ ಆಸರೆ, ಎರಡು ಕಡೆ ಇಟ್ಟಿಗೆ ಇಡಬಹುದು. ಎಲ್ಲಿ ಇಟ್ಟರೆ ಹಲಗೆ ಸಮ ನಿಲ್ಲುತ್ತದೆ ಅಂತ ನೋಡಬೇಕು. ದೊಡ್ಡ ತೂಕ ನಡುವಿಗೆ ಹತ್ತಿರ, ಸಣ್ಣ ತೂಕ ದೂರ ಇಟ್ಟರೂ ಸಮ ಆಗುತ್ತದೆ ಅಂತ ನಮ್ಮ ಐದನೇ ಕ್ಲಾಸಿನವರು ತಾವೇ ಕಂಡುಹಿಡಿದರು. ಮಾರನೇ ದಿನ ಸ್ಕೇಲು, ಪೆನ್ಸಿಲು, ಹುಣಸೆ ಬೀಜ ತಂದು ಡೆಸ್ಕಿನ ಮೇಲೆ ಅದನ್ನೇ ಮಾಡಿದರು. ನಾನು ಹೇಳಿರಲಿಲ್ಲ. ಅವತ್ತು ಮನೆಗೆ ಹೋಗುವಾಗ ನನಗೆ ಎಷ್ಟು ಖುಷಿಯಾಗಿತ್ತು ಅಂದರೆ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಕಟ್ಟಿಸಿಕೊಂಡು ಹೋಗಿದ್ದೆ.

ಕನ್ನಡದಲ್ಲಿ ಇನ್ನೂ ಇವೆ. ಪ್ರಥಮ್ ಬುಕ್ಸಿನವರ ಸ್ಟೋರಿವೀವರ್ 2015ರಿಂದ ಇದೆ. ರಾಶಿ ಕನ್ನಡ ಕಥೆ, ಓದೋದಕ್ಕೆ ದುಡ್ಡಿಲ್ಲ. ಅಕ್ಷರ ಫೌಂಡೇಶನ್ನಿನ ಗಣಿತದ ಆ್ಯಪ್ ಇದೆ, ಅದೂ ಪುಕ್ಕಟೆ, ಕನ್ನಡದಲ್ಲಿದೆ. ಪಠ್ಯಪುಸ್ತಕದ ಕ್ಯೂಆರ್ ಕೋಡು ಸ್ಕ್ಯಾನ್ ಮಾಡಿದರೆ ಸರ್ಕಾರದ ಕಲಿಕಾ ತಾಣ ದೀಕ್ಷಾ ತೆರೆಯುತ್ತದೆ. ತಂಗಿಗೆ ಇವು ಯಾವೂ ಗೊತ್ತಿರಲಿಲ್ಲ. ಮನೆಗೆ ಬಂದು ಮಾರಿದವರದು ಮಾತ್ರ ಗೊತ್ತಿತ್ತು.

ತಂಗಿ ಸುಮ್ಮನೆ ಕೂರುವವಳಲ್ಲ. "ರೀಲ್ಸ್ ನೋಡೋದಕ್ಕಿಂತ ಇದು ಚಲೋ ಅಲ್ಲೇನಕ್ಕ? ಸ್ಟಾರ್ ಸಿಗತಾವು ಅಂತ ತಾನಾಗೇ ಗಣಿತಕ್ಕ ಕೂರತಾಳ" ಅಂದಳು. ಇದನ್ನು ಬಹಳ ಜನ ಹೇಳುತ್ತೀರಿ, ಕೆಳಗೆ ಕಮೆಂಟಿನಲ್ಲೂ ಹೇಳುತ್ತೀರಿ. ನಾನು ಒಪ್ಪುವುದಿಲ್ಲ. ಅವಳು ಗಣಿತಕ್ಕೆ ಕೂತಿಲ್ಲ, ಸ್ಟಾರಿಗೆ ಕೂತಿದ್ದಾಳೆ. ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಲೆಪ್ಪರ್ ಅನ್ನುವ ಮನಶ್ಶಾಸ್ತ್ರಜ್ಞರು ಮತ್ತು ಅವರ ಜೊತೆಯವರು ಒಂದು ಪ್ರಯೋಗ ಮಾಡಿ 1973ರಲ್ಲಿ ಪ್ರಕಟಿಸಿದ್ದರು. ಚಿತ್ರ ಬರೆಯೋದು ಅಂದರೆ ಇಷ್ಟಪಡುವ ಮಕ್ಕಳನ್ನೇ ಆರಿಸಿಕೊಂಡರು. ಕೆಲವರಿಗೆ, ಬರೆದರೆ ಬಹುಮಾನ ಕೊಡುತ್ತೇವೆ ಅಂತ ಮೊದಲೇ ಹೇಳಿದರು. ಕೊಟ್ಟರು ಕೂಡ. ಒಂದೆರಡು ವಾರದ ನಂತರ ನೋಡಿದರೆ, ಬಹುಮಾನದ ಆಸೆ ಹಚ್ಚಿಸಿಕೊಂಡ ಮಕ್ಕಳು ಚಿತ್ರ ಬರೆಯೋದನ್ನೇ ಕಡಿಮೆ ಮಾಡಿದ್ದರು. ಏನೂ ಹೇಳದೆ ಬಿಟ್ಟ ಮಕ್ಕಳು ಮೊದಲಿನ ಹಾಗೇ ಬರೆಯುತ್ತಿದ್ದರು. ಇಷ್ಟ ಇದ್ದ ಕೆಲಸಕ್ಕೇ ಹೀಗಾದರೆ, ಇನ್ನೂ ಇಷ್ಟವೇ ಹುಟ್ಟದ ಭಿನ್ನರಾಶಿಯ ಗತಿ ಏನು? ರೀಲ್ಸ್ ನೋಡುವ ಮಗುವಿಗೆ ತಾನು ರೀಲ್ಸ್ ನೋಡುತ್ತಿದ್ದೇನೆ ಅಂತ ಗೊತ್ತಿರುತ್ತದೆ. ಪುಟ್ಟಿ ತನಗೆ ಗಣಿತ ಬರುತ್ತದೆ ಅಂದುಕೊಂಡಿದ್ದಾಳೆ. ಅವಳ ತಾಯಿಯೂ ಅಂದುಕೊಂಡಿದ್ದಾಳೆ. ನನಗೆ ಭಯ ಇರೋದು ಅದಕ್ಕೆ.

ಈಗ ಹೇಳಲೇಬೇಕಾದ್ದು ಒಂದಿದೆ. ಈ ತಪ್ಪನ್ನು ನಾನೂ ಮಾಡಿದ್ದೇನೆ. ದಾನಿಗಳೊಬ್ಬರು ನಮ್ಮ ಶಾಲೆಗೆ ದೊಡ್ಡ ಟಿವಿ ಕೊಟ್ಟ ಹೊಸದರಲ್ಲಿ ಇಂಥದೇ ಪ್ರಶ್ನೆಗಳನ್ನು ಹಾಕಿ ಕೂರಿಸುತ್ತಿದ್ದೆ. ಮಕ್ಕಳೆಲ್ಲ ಒಟ್ಟಿಗೆ "ಎ! ಬಿ! ಸಿ!" ಅಂತ ಕೂಗೋರು. ನಾನು ಮೂಲೆಯಲ್ಲಿ ಕೂತು ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು ಅಂತ ರಿಜಿಸ್ಟರ್ ತುಂಬುತ್ತಿದ್ದೆ. ಕ್ಲಾಸು ಜೀವಂತವಾಗಿದೆ ಅಂತ ಫೋಟೊ ತೆಗೆದು ಗ್ರೂಪಿಗೂ ಹಾಕಿದ್ದೆ. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗ ಇದ್ದ. ಎಲ್ಲರೂ ಕೂಗಿದ ಮೇಲೆ ಅರೆಕ್ಷಣ ಬಿಟ್ಟು ಅದನ್ನೇ ಕೂಗುತ್ತಿದ್ದ. ಮೂರು ತಿಂಗಳು ನನಗೆ ಗೊತ್ತೇ ಆಗಲಿಲ್ಲ. ದೀಪಾವಳಿ ಆದ ಮೇಲೆ ಅವನ ಅಪ್ಪ ಅವ್ವ ಗುಳೆ ಹೊರಟರು, ಅವನನ್ನೂ ಕರೆದುಕೊಂಡು ಹೋದರು. ಹೋಗುವ ಹಿಂದಿನ ದಿನ ಅವನ ನೋಟ್‌ಬುಕ್ ತೆರೆದು ನೋಡಿದೆ. 12ರ ಅರ್ಧ ಎಷ್ಟು ಅಂತ ಬರೆಯುವ ಜಾಗ ಖಾಲಿ ಇತ್ತು. ಅವನು ಮತ್ತೆ ನನ್ನ ಕ್ಲಾಸಿಗೆ ಬರಲಿಲ್ಲ. ಇದನ್ನು ಇಲ್ಲಿ ತನಕ ಯಾರಿಗೂ ಹೇಳಿರಲಿಲ್ಲ. ನಿನ್ನೆ ಪುಟ್ಟಿಯ ಬೆರಳು ಡಬ್ಬಿಯಿಂದ ಡಬ್ಬಿಗೆ ಹಾರುವಾಗ ಆ ಖಾಲಿ ಜಾಗವೇ ಕಣ್ಣ ಮುಂದೆ ಬಂತು. ತಂಗಿಯ ಮೇಲೆ ರೇಗಿದ್ದರಲ್ಲಿ ಅರ್ಧ ನನ್ನ ಮೇಲಿನ ಸಿಟ್ಟು. ಅವಳಿಗೂ ಫೋನ್ ಮಾಡಿ ಹೇಳಿದ್ದೇನೆ.

ಹೊರಡುವ ಮುಂಚೆ ಪುಟ್ಟಿಗೆ ಫೆಟ್ಟಿನ ಭಿನ್ನರಾಶಿಯ ಪುಟ ತೆಗೆದುಕೊಟ್ಟೆ. ಒಂದು ದುಂಡನೆಯ ಚಿತ್ರ. ಕೆಳಗಿನ ಅಂಕಿ ಹೆಚ್ಚು ಮಾಡಿದರೆ ಅದು ಅಷ್ಟು ತುಂಡಾಗುತ್ತದೆ. ತುಂಡು ಎಳೆದು ಎಳೆದು ತುಂಬಬಹುದು. ಆ ಪುಟದಲ್ಲಿ ಸ್ಟಾರ್ ಇಲ್ಲ, ಚಪ್ಪಾಳೆ ಇಲ್ಲ. ಎರಡು ನಿಮಿಷಕ್ಕೆ "ಇದರಾಗ ಏನ್ ಮಾಡಬೇಕು ದೊಡ್ಡವ್ವ?" ಅಂತ ಮುಖ ಸಿಂಡರಿಸಿದಳು. ನಾನು ಉತ್ತರ ಕೊಡದೆ ಅಡುಗೆಮನೆಗೆ ಹೋದೆ. ಚಹಾ ಕುಡಿದು ಬರುವಷ್ಟರಲ್ಲಿ ಅಂಕಿ ಏರಿಸುತ್ತಾ ಇಳಿಸುತ್ತಾ ಕೂತಿದ್ದಳು. 3 ಮಾಡಿದಳು, 4 ಮಾಡಿದಳು, 8 ಮಾಡಿದಳು, ವಾಪಸ್ 3ಕ್ಕೆ ಬಂದಳು. ಆಮೇಲೆ ತಲೆ ಎತ್ತದೆ ಹೇಳಿದಳು, "ಮಂದಿ ಜಾಸ್ತಿ ಆದಂಗ ಪಾಲು ಸಣ್ಣದು ಆಗತೈತಿ." ಛೇದ ಅನ್ನಲಿಲ್ಲ, ಭಿನ್ನರಾಶಿ ಅನ್ನಲಿಲ್ಲ. ಪಾಲು ಅಂದಳು.

ಇವತ್ತು ಮಧ್ಯಾಹ್ನ ತಂಗಿ ಫೋನ್ ಮಾಡಿದ್ದಳು. ಪುಟ್ಟಿ ಬೆಳಿಗ್ಗೆ ಎದ್ದವಳೇ ಮತ್ತೆ ಅದನ್ನೇ ತೆಗೆದು ಕೂತಿದ್ದಾಳೆ, ಮತ್ತೆ ಜಗಳ ಮಾಡುತ್ತಿದ್ದಾಳೆ. ಆ ಪುಟದಲ್ಲಿ ಅಂಕಿ 8ಕ್ಕೆ ನಿಲ್ಲುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಫೋನು ಕಸಿದುಕೊಂಡು ನನ್ನನ್ನೇ ಕೇಳಿದಳು.

"ದೊಡ್ಡವ್ವ, ಇದರಾಗ ಒಂಬತ್ತು ಯಾಕ ಇಲ್ಲ? ನಮ್ಮ ಮನ್ಯಾಗ ಒಂಬತ್ತು ಮಂದಿ ಅದೀವಲ್ಲ."

ಹಾಳೆ ಮೇಲೆ ನೀನೇ ಮಾಡಿ ನೋಡು ಅಂದಿದ್ದೇನೆ. ಭಾನುವಾರ ಮತ್ತೆ ಗಂಗಾವತಿಗೆ ಹೋಗುತ್ತೇನೆ.